ವಯಸ್ಕ ವಿಕಲಚೇತನರ ತೋಟಕ್ಕೆ ಜಾಗ ಕೊಡಿ

ಮಾನ್ಯ ಸಂಪಾದಕರೆ,

ತೋಟಗಾರಿಕೆ ಇಲಾಖೆಯಲ್ಲಿ ಮೂರು ದಶಕ ಕೆಲಸ ಮಾಡಿ ನಿವೃತ್ತನಾದ ನಾನು, ಬೌದ್ಧಿಕ ಅಸಾಮರ್ಥ್ಯ ಹಾಗೂ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆಗೆ ಅಡ್ಡಿಯಾಗುವ ಸ್ಥಿತಿ) ಇರುವ ವಯಸ್ಕರಿಗಾಗಿ ಮೈಸೂರಿನಲ್ಲಿ ನಡೆಯುತ್ತಿರುವ ಹಗಲು ಕೇಂದ್ರವೊಂದರಲ್ಲಿ ಕಳೆದ ನಾಲ್ಕು ವರ್ಷಗಳಿಂದ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಸ್ವಯಂಸೇವಕನಾಗಿ ತೋಟದ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ನನ್ನ ಜೊತೆ ದುಡಿಯುವ ಹನ್ನೊಂದು ಮಂದಿಯ ಪರವಾಗಿ ನಗರದ ನಾಗರಿಕರಲ್ಲಿಯೂ ಆಡಳಿತದಲ್ಲಿಯೂ ಕೆಲವು ಮಾತುಗಳನ್ನು ನಿವೇದಿಸಿಕೊಳ್ಳಬೇಕಾಗಿದೆ.

ಮೊದಲನೆಯದು ಕರೆಯುವ ರೀತಿಗೆ ಸಂಬಂಧಿಸಿದ್ದು. ಕೇಂದ್ರಕ್ಕೆ ಬರುವವರೆಲ್ಲ ಇವರನ್ನು ‘ಮಕ್ಕಳು’ ಎನ್ನುತ್ತಾರೆ. ನಮ್ಮ ತಂಡದಲ್ಲಿ ಅತಿ ಕಿರಿಯರಿಗೆ ಇಪ್ಪತ್ತಮೂರು ವರ್ಷ, ಹಿರಿಯರಿಗೆ ನಲವತ್ತೆಂಟು. ಒಬ್ಬರ ಮೀಸೆ ಆಗಲೇ ನರೆತಿದೆ. ನಾನೂ ಮೊದಲ ಕೆಲವು ತಿಂಗಳು ಎಲ್ಲರಂತೆ ‘ಏನಪ್ಪಾ, ಬಾರೋ’ ಎಂದೇ ಮಾತನಾಡಿಸುತ್ತಿದ್ದೆ. ಇಲಾಖೆಯಲ್ಲಿ ಅವರ ವಯಸ್ಸಿನ ಮಾಲಿಯನ್ನು ಬಹುವಚನದಲ್ಲಿ ಕರೆಯುತ್ತಿದ್ದ ನಾನು ಇಲ್ಲಿ ಮಾತ್ರ ಏಕವಚನ ಬಳಸುತ್ತಿದ್ದೇನೆಂಬುದು ಹೊಳೆದ ದಿನ ಸಂಕೋಚವಾಯಿತು. ಅಂದಿನಿಂದ ಎಲ್ಲರಿಗೂ ‘ನೀವು’ ಎನ್ನುತ್ತಿದ್ದೇನೆ. ಇದರಿಂದ ಅವರಿಗೆ ಎಷ್ಟು ವ್ಯತ್ಯಾಸವಾಯಿತೋ ಹೇಳಲಾರೆ, ನಾನು ಕೆಲಸ ಹಂಚುವ ರೀತಿಯಂತೂ ಬದಲಾಯಿತು.

ತೋಟದ ಕೆಲಸದಿಂದ ಯಾರ ಅಸಾಮರ್ಥ್ಯವೂ ವಾಸಿಯಾಗುವುದಿಲ್ಲ; ಹಾಗೆಂದು ನಂಬಿಸುವುದೂ ತಪ್ಪು. ಆದರೆ ಕೆಲಸವನ್ನು ಸರಿಯಾಗಿ ಬಿಡಿಸಿಟ್ಟರೆ ಅವರು ಅದನ್ನು ನಮ್ಮಷ್ಟೇ ಅಚ್ಚುಕಟ್ಟಾಗಿ ಮಾಡುತ್ತಾರೆ. ಹರಿವೆ ಬೀಜ ತೀರಾ ಸಣ್ಣದಾದ್ದರಿಂದ ಮರಳಿನೊಡನೆ ಬೆರೆಸಿ ಕೊಡುತ್ತೇವೆ. ನಾಲ್ಕೈದು ದಿನಕ್ಕೆ ಮೊಳಕೆ ಕಾಣಿಸುವ ಮೆಂತ್ಯದಿಂದ ಹೊಸಬರಿಗೆ ಕೆಲಸ ಆರಂಭಿಸುತ್ತೇವೆ, ಏಕೆಂದರೆ ತಿಂಗಳುಗಟ್ಟಲೆ ಕಾಯಿಸುವ ಗಿಡ ಅವರಲ್ಲಿ ಆಸಕ್ತಿ ಉಳಿಸುವುದಿಲ್ಲ. ಎಲೆ, ಮಣ್ಣು ಬಾಯಿಗಿಡುವವರೂ ಇರುವುದರಿಂದ ಕಣಗಿಲೆಯಂಥ ವಿಷದ ಗಿಡಕ್ಕೂ ರಾಸಾಯನಿಕ ಔಷಧಿಗೂ ಅಲ್ಲಿ ಪ್ರವೇಶವಿಲ್ಲ. ಗಾಲಿಕುರ್ಚಿಯಲ್ಲಿರುವ ಇಬ್ಬರಿಗಾಗಿ ಕಲ್ಲುಕಂಬಗಳ ಮೇಲೆ ಕಡಪ ಚಪ್ಪಡಿ ಹಾಸಿ, ಕೆಳಗೆ ಮೊಣಕಾಲು ತೂರುವಷ್ಟು ಜಾಗ ಬಿಟ್ಟು, ಎರಡೂವರೆ ಅಡಿ ಎತ್ತರದಲ್ಲಿ ಮಡಿ ಕಟ್ಟಿದ್ದೇವೆ. ಬಾಗಿದರೆ ಸೊಂಟ ಹಿಡಿಯುವ ನನಗೂ ಈಗ ಆ ಮಡಿಯೇ ಅಚ್ಚುಮೆಚ್ಚು.

ನಲವತ್ತೊಂದು ವರ್ಷದ ಒಬ್ಬರು ನೀರು ಹಾಕಲು ನಿಂತರೆ ಒಂದೇ ಕುಂಡಕ್ಕೆ ಬಕೆಟ್ ಖಾಲಿಯಾಗುವವರೆಗೂ ಹಾಕುತ್ತಿದ್ದರು. ಹೇಳಿದೆ, ಗದರಿದೆ, ಲೋಟ ಕೊಟ್ಟು ನೋಡಿದೆ. ಏಳು ವಾರ ಯಾವುದೂ ಫಲಿಸಲಿಲ್ಲ. ಕೊನೆಗೆ ಅಡುಗೆಯವರೊಬ್ಬರು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ತಂದುಕೊಟ್ಟು, ನೀರು ಹಾಕಿದ ಕುಂಡದ ಅಂಚಿಗೆ ಒಂದೊಂದು ಸಿಕ್ಕಿಸಲು ಕಲಿಸಿದರು. ಈಗ ಕೈಯಲ್ಲಿರುವ ಕ್ಲಿಪ್ಪು ಮುಗಿದರೆ ಅವರ ಕೆಲಸವೂ ಮುಗಿದಂತೆ. ಒಮ್ಮೆ ನಾನು ಅವಸರದಲ್ಲಿ ಕ್ಲಿಪ್ಪು ಸಿಕ್ಕಿಸದೆ ಕನಕಾಂಬರಕ್ಕೆ ನೀರು ಹಾಕಿಬಿಟ್ಟೆ. ಅವರು ಬಂದು ಅದಕ್ಕೇ ಮತ್ತೊಮ್ಮೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ನನ್ನತ್ತ ನೋಡಿ ಮುಂದೆ ಹೋದರು. ಮೂವತ್ತು ವರ್ಷದ ಅನುಭವವಿದ್ದ ನಾನು ಅಂದು ತೆಪ್ಪಗಿದ್ದೆ.

ನನ್ನ ಅಸಮಾಧಾನವಿರುವುದು ಇವರ ಬಳಿಗೆ ಬರುವ ನಮ್ಮಂಥವರ ಬಗ್ಗೆ. ಹುಟ್ಟುಹಬ್ಬಕ್ಕೆ ಕೇಕು ಹಿಡಿದು ಬಂದು, ಗಿಡ ನೆಡುವಂತೆ ನಿಂತು ಫೋಟೊ ತೆಗೆಸಿಕೊಂಡು ಹೋಗುವವರಿಗೆ ಕೊರತೆಯಿಲ್ಲ. ಆ ಗಿಡಗಳನ್ನು ಮರುದಿನ ನಾವು ಕಿತ್ತು ಸರಿಯಾಗಿ ನೆಡುತ್ತೇವೆ. ವಾರದ ಒಂದೇ ದಿನ, ಒಂದೇ ಹೊತ್ತಿಗೆ, ಕನಿಷ್ಠ ಆರು ತಿಂಗಳು ಬರುವವರನ್ನು ಹುಡುಕಿದರೆ ಸಿಗುವವರು ವಿರಳ. ಬರುತ್ತೇನೆಂದು ಹೇಳಿ ಬಾರದೆ ಹೋದವರಿಗಾಗಿ ಗೇಟಿನ ಬಳಿ ಒಂದು ಗಂಟೆ ನಿಲ್ಲುವವರು ನಮ್ಮಲ್ಲಿದ್ದಾರೆಂಬುದು ಮಾತು ಕೊಡುವ ಮುನ್ನ ನೆನಪಿರಲಿ. ಕಳೆದ ವರ್ಷ ಸಸಿ ಮಾರಾಟದ ದಿನ 20 ರೂಪಾಯಿಯ ತುಳಸಿ ಗಿಡಕ್ಕೆ ನೂರರ ನೋಟು ಕೊಟ್ಟ ಒಬ್ಬರು ‘ಇಟ್ಕೋ ಮಗು’ ಎಂದು ನಡೆದರು. ಚಿಲ್ಲರೆ ಎಣಿಸಿ ಕೊಡುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ ಮೂವತ್ತಾರು ವರ್ಷದ ಹೆಣ್ಣುಮಗಳು 80 ರೂಪಾಯಿ ಕೈಯಲ್ಲಿ ಹಿಡಿದು, ಲೆಕ್ಕ ಕೂಡುವುದಿಲ್ಲವೆಂದು ಅಳಲು ಆರಂಭಿಸಿದರು. ಕೊಟ್ಟವರ ಉದ್ದೇಶ ಒಳ್ಳೆಯದೇ ಇದ್ದೀತು. ಚಿಲ್ಲರೆ ಪಡೆದುಕೊಂಡಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು.

ಹದಿನೆಂಟು ದಾಟಿದ ಮೇಲೆ ಇವರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ನಮ್ಮಲ್ಲಿ ಸರಿಯಾದ ಉತ್ತರವಿಲ್ಲ. 2011ರ ಜನಗಣತಿಯ ಪ್ರಕಾರವೇ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಉಚಿತ ಶಿಕ್ಷಣದ ಹಕ್ಕನ್ನು 6ರಿಂದ 18 ವರ್ಷದವರೆಗೆ ಕೊಡುತ್ತದೆ. ಸರ್ಕಾರಿ ಉದ್ಯೋಗದಲ್ಲಿ ಶೇ 4ರಷ್ಟು ಮೀಸಲಾತಿ ಇದ್ದರೂ ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಮೊದಲಾದ ಹಲವು ವರ್ಗಗಳೆಲ್ಲ ಸೇರಿ ಅದರಲ್ಲಿ ಶೇ 1ನ್ನು ಹಂಚಿಕೊಳ್ಳಬೇಕು. ಶಾಲೆ ಮುಗಿದವರು ಮನೆಯಲ್ಲಿ ಟಿ.ವಿ. ಮುಂದೆ ಕುಳಿತಿರುತ್ತಾರೆ, ತಾಯಂದಿರಿಗೆ ವಯಸ್ಸಾಗುತ್ತಿರುತ್ತದೆ. ಇದೇ ಕಾಯ್ದೆಯ 37ನೇ ಸೆಕ್ಷನ್, ಉದ್ಯೋಗ ಮತ್ತು ಉತ್ಪಾದನಾ ಕೇಂದ್ರಗಳಿಗಾಗಿ ರಿಯಾಯಿತಿ ದರದಲ್ಲಿ ಭೂಮಿ ಹಂಚುವಾಗ ಇವರಿಗೆ ಶೇ 5ರಷ್ಟು ಮೀಸಲಿಡಬೇಕೆಂದು ಹೇಳುತ್ತದೆ. ಆದರೆ ನಮ್ಮ ಬಡಾವಣೆಯ ಉದ್ಯಾನದಲ್ಲಿ ಕಸದ ರಾಶಿ ಬಿದ್ದಿರುವ ಮೂಲೆಯನ್ನು ನರ್ಸರಿಗೆ ಕೊಡಿರೆಂದು ನಾವು ಸಲ್ಲಿಸಿದ ಅರ್ಜಿಗೆ ಒಂದೂವರೆ ವರ್ಷವಾದರೂ ಆಗುವುದಿಲ್ಲವೆಂಬ ಉತ್ತರವೂ ಬಂದಿಲ್ಲ.

ನಾವು ಕೇಳುತ್ತಿರುವುದು ಹೊಸ ಪ್ರಯೋಗವನ್ನೇನೂ ಅಲ್ಲ. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಸಂಸ್ಥೆ ದಶಕಗಳಿಂದ ವಿಕಲಚೇತನರಿಗೆ ತೋಟಗಾರಿಕೆ ತರಬೇತಿ ನೀಡುತ್ತಾ ಬಂದಿದೆ. ಮೈಸೂರಿನಲ್ಲಿಯೂ ಪ್ರತಿ ವಲಯದಲ್ಲಿ ಒಂದೊಂದು ಉದ್ಯಾನದ ಹತ್ತು ಗುಂಟೆ ಜಾಗವನ್ನು, ನೀರಿನ ಸಂಪರ್ಕ ಮತ್ತು ಗಾಲಿಕುರ್ಚಿ ಒಳಹೋಗುವ ಶೌಚಾಲಯದೊಂದಿಗೆ ಇಂಥ ಕೇಂದ್ರಗಳಿಗೆ ಒಪ್ಪಿಸಿ, ಅಲ್ಲಿ ಬೆಳೆದ ಸಸಿಗಳನ್ನು ನಗರದ ಉದ್ಯಾನಗಳಿಗೇ ಮಾರುಕಟ್ಟೆ ದರದಲ್ಲಿ ಕೊಂಡುಕೊಂಡರೆ ದುಡಿದವರ ಖಾತೆಗೆ ಕೂಲಿ ಸೇರುತ್ತದೆ.

ಜೊತೆಗೆ, ಕುಪ್ಪಣ್ಣ ಉದ್ಯಾನದಲ್ಲಿ ನಡೆಯುವ ದಸರಾ ಫಲಪುಷ್ಪ ಪ್ರದರ್ಶನದಲ್ಲಿ ನಮಗೊಂದು ಮಳಿಗೆ ಬೇಕು. ಎಲ್ಲರಂತೆ ಬಾಡಿಗೆ ಕೊಡುತ್ತೇವೆ. ಅದಕ್ಕೆ ಹೂಬಿಟ್ಟ ಕುಂಡಗಳು ಸಿದ್ಧವಾಗಬೇಕಾದರೆ ಚೆಂಡುಹೂವಿನ ಬೀಜವನ್ನು ಆಷಾಢದಲ್ಲಿಯೇ ಒಟ್ಟಲು ಹಾಕಬೇಕು. ಆದ್ದರಿಂದ ಸಂಬಂಧಪಟ್ಟವರು ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಇತಿ,
ನಿವೃತ್ತ ಸಹಾಯಕ ತೋಟಗಾರಿಕೆ ಅಧಿಕಾರಿ,
ಮೈಸೂರು