ಹಿಮ್ಮಡಿಯ ಎತ್ತರ ಮತ್ತು ಹಾಜರಿ ಪುಸ್ತಕ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕೆಲವು ವಾರಗಳಿಂದ ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಹೈ ಹೀಲ್ಸ್ ಚಪ್ಪಲಿಗಳ ಕುರಿತು ನಡೆಯುತ್ತಿರುವ ಚರ್ಚೆಯನ್ನು ಗಮನಿಸುತ್ತಿದ್ದೇನೆ. ಅದು ಇಂದಿನ ಹೆಣ್ಣುಮಗಳ ಆತ್ಮವಿಶ್ವಾಸದ ಗುರುತು ಎಂದು ಒಬ್ಬ ಓದುಗರು ಬರೆದರೆ, ಗಂಡಸರ ಕಣ್ಣಿಗೆ ಚೆಂದ ಕಾಣಲೆಂದು ಹೆಣ್ಣು ತಾನಾಗಿ ತೊಟ್ಟುಕೊಂಡ ಬೇಡಿ ಎಂದು ಇನ್ನೊಬ್ಬರು ಉತ್ತರಿಸಿದ್ದಾರೆ. ಇಬ್ಬರೂ ಮದುವೆ ಮನೆಗೆ, ಹೆಚ್ಚೆಂದರೆ ಮಾಲ್‌ಗೆ ತೊಟ್ಟು ಹೋಗುವ ಚಪ್ಪಲಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿದೆ. ಸಂಬಳಕ್ಕಾಗಿ ಅದನ್ನು ತೊಟ್ಟು ದಿನಕ್ಕೆ ಹತ್ತು ಗಂಟೆ ನಿಲ್ಲುವವರ ಮಾತು ಎಲ್ಲೂ ಬರಲಿಲ್ಲ. ಹನ್ನೊಂದು ವರ್ಷ ಹಾಗೆ ನಿಂತವಳು ನಾನು; ಅದರಲ್ಲಿ ಕೊನೆಯ ಐದು ವರ್ಷ ಇತರ ಹೆಣ್ಣುಮಕ್ಕಳನ್ನು ಹಾಗೆ ನಿಲ್ಲಿಸಿದವಳೂ ಹೌದು. ಆದ್ದರಿಂದ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

1998ರಲ್ಲಿ ನಗರದ ಒಂದು ದೊಡ್ಡ ಚಿನ್ನಾಭರಣ ಮಳಿಗೆಯ ಬಳೆ ಕೌಂಟರಿಗೆ ಸೇರಿದಾಗ ನನಗೆ ಇಪ್ಪತ್ತಾರು ವರ್ಷ. ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು; ಮನೆಯಲ್ಲಿ ಎಲ್ಲರೂ ಪ್ರೀತಿಯಿಂದಲೇ ಕುಳ್ಳಿ ಎನ್ನುತ್ತಿದ್ದರು. ಮೊದಲ ತಿಂಗಳ ಸಂಬಳ ಕೈಗೆ ಬಂದ ಸಂಜೆ ಕಮರ್ಷಿಯಲ್ ಸ್ಟ್ರೀಟ್‌ಗೆ ಹೋಗಿ, ಮಳಿಗೆಯ ನಿಯಮದಂತೆ ಎರಡೂವರೆ ಇಂಚು ಹಿಮ್ಮಡಿಯ ಒಂದು ಜೊತೆ ಕಪ್ಪು ಶೂ ಕೊಂಡೆ. ಮರುದಿನ ಅದನ್ನು ತೊಟ್ಟು ನಿಂತಾಗ ಆದ ಖುಷಿಯನ್ನು ಈಗ ಸುಳ್ಳೆಂದು ಬರೆದರೆ ನನಗೆ ನಾನೇ ಮೋಸ ಮಾಡಿಕೊಂಡಂತೆ. ಅದುವರೆಗೆ ನನ್ನ ಬೈತಲೆಯೊಂದಿಗೆ ಮಾತಾಡುತ್ತಿದ್ದ ವ್ಯವಸ್ಥಾಪಕರು ಅಂದು ಮೊದಲ ಬಾರಿಗೆ ನನ್ನ ಮುಖ ನೋಡಿ ಮಾತಾಡಿದರು. ಮೇಲಿನ ಗಾಜಿನ ಕಪಾಟಿಗೆ ಕೈ ಎಟುಕಿತು. ಹೀಲ್ಸ್‌ನಿಂದ ಧೈರ್ಯ ಬರುತ್ತದೆ ಎಂದು ಬರೆದ ಓದುಗರನ್ನು ನಾನು ಅಲ್ಲಗಳೆಯುವುದಿಲ್ಲ, ನನಗೂ ಬಂದಿತ್ತು. ಆ ಧೈರ್ಯ ದಿನದ ಎಷ್ಟು ಹೊತ್ತಿನವರೆಗೆ ಉಳಿಯುತ್ತದೆ ಎಂಬುದಷ್ಟೇ ನನ್ನ ತಕರಾರು.

ನನ್ನ ಲೆಕ್ಕದಲ್ಲಿ ಅದು ಮಧ್ಯಾಹ್ನ ಎರಡೂವರೆಯವರೆಗೆ. ಆಮೇಲೆ ಪಾದದ ಮುಂಭಾಗದಲ್ಲಿ ಉರಿ ಶುರುವಾಗುತ್ತಿತ್ತು, ನಾಲ್ಕರ ಹೊತ್ತಿಗೆ ಅದು ಮಂಡಿಗೆ ಏರುತ್ತಿತ್ತು. ಕೌಂಟರಿನ ಮುಂದೆ ಗ್ರಾಹಕರಿಗೆ ಮೆತ್ತನೆಯ ಕುರ್ಚಿ, ಹಿಂದೆ ನಮಗೆ ಒಂದು ಸ್ಟೂಲೂ ಇಲ್ಲ. ಹಾಗಾಗಿ ನಾವು ಒಂದು ಉಪಾಯ ಕಂಡುಕೊಂಡಿದ್ದೆವು: ಬಲಗಾಲನ್ನು ಶೂನಿಂದ ಹೊರತೆಗೆದು ತಣ್ಣನೆಯ ನೆಲದ ಮೇಲೆ ಸ್ವಲ್ಪ ಹೊತ್ತು ಇಡುವುದು, ಆಮೇಲೆ ಎಡಗಾಲು. ಮೇಲಿನಿಂದ ನೋಡಿದರೆ ನಗುಮುಖದ ಎಂಟು ಹೆಣ್ಣುಮಕ್ಕಳು, ಕೌಂಟರಿನ ಕೆಳಗೆ ಕೆರೆಯಂಚಿನ ಕೊಕ್ಕರೆಗಳಂತೆ ಒಂಟಿ ಕಾಲಲ್ಲಿ ನಿಂತವರು. ವ್ಯವಸ್ಥಾಪಕರ ಬೂಟಿನ ಸದ್ದು ಮೆಟ್ಟಿಲ ಮೇಲೆ ಕೇಳಿದೊಡನೆ ಎಂಟೂ ಪಾದಗಳು ಒಟ್ಟಿಗೇ ಒಳಗೆ ಸೇರಿಕೊಳ್ಳುತ್ತಿದ್ದವು. ಪಕ್ಕದ ಸರದ ಕೌಂಟರಿನಲ್ಲಿ ಅದೇ ನೆಲದ ಮೇಲೆ ನಿಂತ ಗಂಡಸರು ಚಪ್ಪಟೆ ಬೂಟು ತೊಟ್ಟಿದ್ದರು. ಅವರ ಕೌಂಟರಿನಲ್ಲಿ ವ್ಯಾಪಾರವೇನೂ ಕಡಿಮೆಯಿರಲಿಲ್ಲ.

ಮಳಿಗೆಯ ಹಿಂದಿನ ಓಣಿಯಲ್ಲಿ ಚಪ್ಪಲಿ ರಿಪೇರಿ ಮಾಡುವವರೊಬ್ಬರು ಕೂರುತ್ತಿದ್ದರು. ಹೀಲ್ಸ್‌ನ ತುದಿಗೆ ಹೊಡೆಯುವ ಪುಟ್ಟ ರಬ್ಬರ್ ಗುಂಡಿಗಳನ್ನು ಅವರು ಒಂದು ಹಳೆಯ ಉಪ್ಪಿನಕಾಯಿ ಜಾಡಿಯಲ್ಲಿ ತುಂಬಿಟ್ಟುಕೊಂಡಿದ್ದರು. ಎರಡು ತಿಂಗಳಿಗೊಮ್ಮೆ ನಮ್ಮಲ್ಲಿ ಯಾರಾದರೊಬ್ಬರು ಅವರ ಮುಂದೆ ಹೋಗಿ ನಿಲ್ಲುವುದಿತ್ತು. ಒಮ್ಮೆ ನನ್ನ ಶೂವನ್ನು ತಿರುಗಿಸಿ ನೋಡಿ, "ಇದು ನಡೆದು ಸವೆದಿದ್ದಲ್ಲ ಮೇಡಂ, ನಿಂತು ಸವೆದಿದ್ದು. ನಿಮ್ಮ ಅಂಗಡಿಯವರದೆಲ್ಲ ಹೀಗೇ, ಒಂದೇ ಮಗ್ಗುಲು" ಎಂದಿದ್ದರು. ಹತ್ತು ವರ್ಷದ ನಂತರ ಮೂಳೆ ತಜ್ಞರು ನನಗೆ ಹೇಳಿದ್ದನ್ನು ಅವರು ಎರಡು ರೂಪಾಯಿಯ ರಬ್ಬರ್ ನೋಡಿಯೇ ಹೇಳಿಬಿಟ್ಟಿದ್ದರು.

ವೈದ್ಯರು ವಿವರಿಸಿದ್ದು ಇಷ್ಟು. ಹಿಮ್ಮಡಿ ಮೇಲೆದ್ದಷ್ಟೂ ದೇಹದ ಭಾರ ಪಾದದ ಮುಂಭಾಗಕ್ಕೆ ಜಾರುತ್ತದೆ, ಬೆರಳುಗಳು ಶೂನ ಚೂಪು ಮೂತಿಗೆ ಒತ್ತಿಕೊಳ್ಳುತ್ತವೆ. ಹೆಬ್ಬೆರಳ ಬುಡದಲ್ಲಿ ಗಂಟು ಮೂಡಿದ್ದರೆ ಅದು ಇನ್ನಷ್ಟು ಉಬ್ಬುತ್ತದೆ, ಕಿರುಬೆರಳ ಮೇಲೆ ಆಣಿ ಏಳುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಮೀನಖಂಡದ ಸ್ನಾಯು ಗಿಡ್ಡವಾಗಿ, ಅದನ್ನು ಹಿಮ್ಮಡಿಗೆ ಬೆಸೆಯುವ ಸ್ನಾಯುರಜ್ಜು ಪೆಡಸಾಗುತ್ತದೆ. ಇದರಲ್ಲೊಂದು ವಿಚಿತ್ರವಿದೆ. ವಾರದ ರಜೆಯ ದಿನ ಬರಿಗಾಲಲ್ಲಿ ಅಡುಗೆಮನೆಯಲ್ಲಿ ನಿಂತರೆ ನನ್ನ ಮೀನಖಂಡ ಸೆಳೆಯುತ್ತಿತ್ತು, ಮರುದಿನ ಹೀಲ್ಸ್ ತೊಟ್ಟೊಡನೆ ಹಾಯೆನಿಸುತ್ತಿತ್ತು. ಇದನ್ನೇ ನಾನು ಹೊಸದಾಗಿ ಸೇರಿದ ಹುಡುಗಿಯರಿಗೆ, "ರೂಢಿಯಾದರೆ ಚಪ್ಪಟೆ ಚಪ್ಪಲಿಯೇ ನೋವು ಕೊಡುತ್ತದೆ, ನೋಡುತ್ತಿರಿ" ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ನನ್ನ ಕಾಲು ಊನಗೊಂಡ ಲಕ್ಷಣವನ್ನೇ ಪಳಗಿದ ಲಕ್ಷಣವೆಂದು ಪಾಠ ಮಾಡುತ್ತಿದ್ದೆ.

2004ರಲ್ಲಿ ನನ್ನನ್ನು ಫ್ಲೋರ್ ಸೂಪರ್‌ವೈಸರ್ ಮಾಡಿದರು. ಬೆಳಿಗ್ಗೆ ಒಂಬತ್ತೂಮುಕ್ಕಾಲಕ್ಕೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ತುರುಬಿನ ಬಲೆ, ಉಗುರಿನ ಬಣ್ಣ, ಸೀರೆಯ ನೆರಿಗೆ, ಕೊನೆಗೆ ಹಿಮ್ಮಡಿ ನೋಡಿ ಹಾಜರಿ ಪುಸ್ತಕದಲ್ಲಿ ಗುರುತು ಹಾಕುವುದು ನನ್ನ ಕೆಲಸ. ಹಿಮ್ಮಡಿ ಕಡಿಮೆಯಿದ್ದರೆ ಐವತ್ತು ರೂಪಾಯಿ ಕಡಿತ. ಒಂದು ಅಕ್ಷಯ ತೃತೀಯದ ಮಧ್ಯಾಹ್ನ, ಕಾಲಿಡಲೂ ಜಾಗವಿಲ್ಲದ ಜನಸಂದಣಿಯಲ್ಲಿ, ಮಾಗಡಿ ಕಡೆಯ ಒಬ್ಬ ಹುಡುಗಿ ವೆಲ್ವೆಟ್ ತಟ್ಟೆ ಹಿಡಿದು ಅಮೃತಶಿಲೆಯ ಮೆಟ್ಟಿಲು ಇಳಿಯುತ್ತಿದ್ದವಳು ಕಾಲು ಹೊರಳಿ ಬಿದ್ದಳು. ಮೊದಲು ಎಲ್ಲರೂ ಹುಡುಕಿದ್ದು ಚೆಲ್ಲಿದ ಆರು ಜೊತೆ ಓಲೆಗಳನ್ನು. ನಾನೂ ಅದನ್ನೇ ಮಾಡಿದೆ. ಕಣಕಾಲು ಊದಿ ಅವಳು ಮೂರು ವಾರ ಸಂಬಳವಿಲ್ಲದೆ ಮನೆಯಲ್ಲಿ ಕೂತಳು. ಪುಸ್ತಕದ ಷರಾ ಕಾಲಂನಲ್ಲಿ "ಸ್ವಂತ ಅಜಾಗರೂಕತೆ" ಎಂದು ಬರೆದದ್ದು ನನ್ನ ಕೈಬರಹ. ಯಾರೂ ಹಾಗೆ ಬರೆಯಲು ನನಗೆ ಹೇಳಿರಲಿಲ್ಲ.

ಹೀಲ್ಸ್ ಶಕ್ತಿ ಕೊಡುತ್ತದೆಯೇ ಎಂದು ಕೇಳುವವರು ಅದು ಯಾವ ನೆಲದ ಮೇಲೆ ಎಂಬುದನ್ನೂ ಕೇಳಬೇಕು. ಬಾಗಿಲವರೆಗೆ ಕಾರಿನಲ್ಲಿ ಬಂದು, ನುಣುಪಾದ ಗ್ರಾನೈಟ್ ಮೇಲೆ ಮೂವತ್ತು ಹೆಜ್ಜೆ ನಡೆದು, ಕುರ್ಚಿಯಲ್ಲಿ ಕೂತು ಸಭೆ ನಡೆಸುವ ಅಧಿಕಾರಿಣಿಗೆ ಅದು ಖಂಡಿತ ಒಂದು ಗತ್ತು. ಬೆಂಗಳೂರಿನ ಫುಟ್‌ಪಾತಿನಲ್ಲಿ, ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳ ಸಂದಿಯಲ್ಲಿ, ಅದೇ ಹಿಮ್ಮಡಿ ಸಿಕ್ಕಿಕೊಳ್ಳುತ್ತದೆ. ಲಕ್ಷಣವಾಗಿ ಕಲ್ಲು ಹಾಸಿದ ಚರ್ಚ್ ಸ್ಟ್ರೀಟ್ ಕೂಡ ಇದಕ್ಕೆ ಹೊರತಲ್ಲ. ಬ್ರೇಕ್ ಹಾಕಿದಾಗಲೆಲ್ಲ ಮುಗ್ಗರಿಸುವ ಬಿಎಂಟಿಸಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತವಳಿಗೆ ಎರಡೂವರೆ ಇಂಚಿನ ಗತ್ತಿನಿಂದ ಏನು ಪ್ರಯೋಜನ? ಸಂಜೆ ಯಾವುದೇ ಟೆಕ್ ಪಾರ್ಕಿನ ಗೇಟಿನ ಬಳಿ ಐದು ನಿಮಿಷ ನಿಂತು ನೋಡಿ. ಸ್ವಾಗತಕಾರಿಣಿಯರು ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ಬಿಚ್ಚಿ, ಗೋಡೆಗೆ ಒಂದು ಕೈ ಕೊಟ್ಟು, ಹವಾಯಿ ಚಪ್ಪಲಿಗೆ ಕಾಲು ಬದಲಿಸುತ್ತಾರೆ. ಆ ಎರಡನೆಯ ಜೊತೆ ಚಪ್ಪಲಿ ಈ ಚರ್ಚೆಯಲ್ಲಿ ಯಾರ ಕಣ್ಣಿಗೂ ಬಿದ್ದಂತಿಲ್ಲ.

ಇನ್ನು ಇದು ಹೆಣ್ತನದ ಸಹಜ ಅಲಂಕಾರ ಎಂಬ ಮಾತು. ಎತ್ತರದ ಹಿಮ್ಮಡಿ ಹುಟ್ಟಿದ್ದು ಗಂಡಸಿನ ಕಾಲಿಗೆ. ಪರ್ಷಿಯಾದ ಸವಾರರು ಕುದುರೆಯ ಮೇಲೆದ್ದು ನಿಂತು ಬಾಣ ಬಿಡುವಾಗ ಕಾಲೂರುವ ರಿಕಾಪಿನಿಂದ ಪಾದ ಜಾರದಿರಲೆಂದು ಅದನ್ನು ತೊಡುತ್ತಿದ್ದರು. 17ನೇ ಶತಮಾನದಲ್ಲಿ ಯುರೋಪಿನ ಶ್ರೀಮಂತ ಗಂಡಸರು ಅದನ್ನು ಅನುಕರಿಸಿದರು. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಕೆಂಪು ಹಿಮ್ಮಡಿಯ ಶೂ ತೊಟ್ಟು ನಿಂತ 1701ರ ಚಿತ್ರ ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಇಂದಿಗೂ ಇದೆ. ಹೊಲ, ಕೊಳಕು ಬೀದಿ ತುಳಿಯುವ ಅಗತ್ಯ ತಮಗಿಲ್ಲ ಎಂದು ಸಾರುವುದಕ್ಕೆ ಅದು ಅವರಿಗೆ ಒದಗುತ್ತಿತ್ತು. ಗಂಡಸರು ಮುಂದೆ ಅದನ್ನು ಕಳಚಿಟ್ಟರು, ಹೆಂಗಸರಿಗೆ ಉಳಿಯಿತು. ಒಳಗೆ ಉಕ್ಕಿನ ಸರಳಿರುವ ಕಡ್ಡಿಯಂಥ ಹಿಮ್ಮಡಿ ಬಳಕೆಗೆ ಬಂದದ್ದಂತೂ 1950ರ ದಶಕದಲ್ಲಿ; ಅದರ ಹೆಸರು ಸ್ಟಿಲೆಟೊ, ಇಟಲಿಯ ಭಾಷೆಯಲ್ಲಿ ಕಿರುಗತ್ತಿ ಎಂದರ್ಥ. ನಮ್ಮ ಅಜ್ಜಿಯಂದಿರು ಇದಾವುದೂ ಇಲ್ಲದೆಯೇ ಮನೆಯ ಯಜಮಾನಿಕೆ ನಡೆಸಿದವರು.

ತೊಡುವುದು ಬಿಡುವುದು ಅವರವರ ಆಯ್ಕೆ ಎನ್ನುವವರ ಮಾತಿಗೆ ನನ್ನ ಒಪ್ಪಿಗೆಯಿದೆ. ಬೇಡವೆಂದರೆ ಐವತ್ತು ರೂಪಾಯಿ ಕಡಿತವಾಗುವ ಕಡೆ ಅದನ್ನು ಆಯ್ಕೆ ಎನ್ನಲಾಗದು ಎಂಬುದನ್ನು ಅವರೂ ಒಪ್ಪಬೇಕು. ಲಂಡನ್ನಿನಲ್ಲಿ 2015ರ ಡಿಸೆಂಬರಿನಲ್ಲಿ ನಿಕೋಲಾ ಥಾರ್ಪ್ ಎಂಬ ಸ್ವಾಗತಕಾರಿಣಿಯನ್ನು ಚಪ್ಪಟೆ ಶೂ ತೊಟ್ಟು ಬಂದರೆಂದು ಮೊದಲ ದಿನವೇ ಮನೆಗೆ ಕಳಿಸಿದರು. ಅವರ ಮನವಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, 2017ರಲ್ಲಿ ಸಂಸತ್ತಿನ ಸಮಿತಿಗಳು ವರದಿ ಕೊಟ್ಟವು. ಇರುವ ಕಾನೂನೇ ಸಾಕು ಎಂದು ಅಲ್ಲಿನ ಸರ್ಕಾರ ಉತ್ತರಿಸಿತು. ಜಪಾನಿನಲ್ಲಿ 2019ರಲ್ಲಿ ಯುಮಿ ಇಶಿಕಾವಾ ಅವರು ಆರಂಭಿಸಿದ ‘ಕುಟೂ’ ಚಳವಳಿಯ ಹೆಸರೇ ಒಂದು ಶ್ಲೇಷೆ: ಶೂ ಮತ್ತು ನೋವು ಎಂಬ ಅರ್ಥದ ಎರಡು ಜಪಾನಿ ಪದಗಳು ಹೆಚ್ಚುಕಡಿಮೆ ಒಂದೇ ಉಚ್ಚಾರದವು. ಮರುವರ್ಷ ಜಪಾನ್ ಏರ್‌ಲೈನ್ಸ್ ತನ್ನ ಗಗನಸಖಿಯರಿಗೆ ಹೀಲ್ಸ್‌ನ ಕಡ್ಡಾಯ ತೆಗೆಯಿತು. ಫಿಲಿಪ್ಪೀನ್ಸ್ ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2017ರಲ್ಲೇ ಇಂಥ ಕಡ್ಡಾಯದ ವಿರುದ್ಧ ಆದೇಶ ಹೊರಡಿಸಿದ್ದವು.

ಅಷ್ಟು ದೂರ ಹೋಗುವುದೂ ಬೇಡ. ಕಲ್ಲಿಕೋಟೆಯ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಫಲವಾಗಿ ಕೇರಳವು 2018ರಲ್ಲಿ ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ತಂದು, ನಿಂತು ದುಡಿಯುವವರಿಗೆ ಆಸನ ಒದಗಿಸಬೇಕೆಂದಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆ ಇರಬೇಕೆಂಬ ಮಾತು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಗಾಜಿನ ಕೌಂಟರಿನ ಹಿಂದೆ ನಿಂತವಳ ಕಾಲು ಬೇರೆ ಮಣ್ಣಿನದೇ? ನಮ್ಮ ಕಾರ್ಮಿಕ ಇಲಾಖೆಯು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಅಡಿಯಲ್ಲಿ ಎರಡು ಸಂಗತಿಗಳನ್ನು ಸ್ಪಷ್ಟವಾಗಿ ಬರೆದುಬಿಡಲಿ: ಹಿಮ್ಮಡಿಯ ಎತ್ತರವನ್ನು ಯಾವ ಮಾಲೀಕರೂ ನಿಗದಿ ಮಾಡುವಂತಿಲ್ಲ, ಕೌಂಟರಿನ ಹಿಂದೆ ಸ್ಟೂಲು ಇರಲೇಬೇಕು. ಇದಕ್ಕೆ ಬೊಕ್ಕಸದಿಂದ ಒಂದು ರೂಪಾಯಿಯೂ ಬೇಕಿಲ್ಲ. ತನಿಖಾಧಿಕಾರಿಗಳು ಮಳಿಗೆಗೆ ಬಂದಾಗ ಕಡತ ನೋಡುವುದರ ಜೊತೆಗೆ ಕೌಂಟರಿನ ಹಿಂದಕ್ಕೂ ಒಮ್ಮೆ ಬಗ್ಗಿ ನೋಡಬೇಕಾದೀತು, ಅಷ್ಟೇ.

ಗ್ರಾಹಕರು ಬಯಸುತ್ತಾರೆ ಎನ್ನುವುದು ಮಾಲೀಕರ ಹಳೆಯ ಸಬೂಬು. ಹನ್ನೊಂದು ವರ್ಷದಲ್ಲಿ ಗ್ರಾಹಕರು ನನ್ನನ್ನು ವೇಸ್ಟೇಜ್ ಎಷ್ಟೆಂದು ಕೇಳಿದ್ದಾರೆ, ಮೇಕಿಂಗ್ ಚಾರ್ಜಿನಲ್ಲಿ ಎಷ್ಟು ಬಿಡುತ್ತೀರೆಂದು ಕೇಳಿದ್ದಾರೆ, ಹಳೆಯ ಚಿನ್ನ ಕೊಟ್ಟರೆ ಯಾವ ದರ ಹಾಕುತ್ತೀರೆಂದು ಜಗಳವನ್ನೇ ಆಡಿದ್ದಾರೆ. ಕೌಂಟರಿನಾಚೆ ಬಗ್ಗಿ ನನ್ನ ಕಾಲಲ್ಲಿ ಏನಿದೆ ಎಂದು ನೋಡಿದ ಒಬ್ಬ ಗ್ರಾಹಕರೂ ನೆನಪಿಲ್ಲ.

ಹೀಲ್ಸ್ ಮೇಲೆ ನನಗೆ ದ್ವೇಷವಿಲ್ಲ. ನನ್ನ ಕಪಾಟಿನಲ್ಲಿ ಈಗಲೂ ಒಂದು ಮೆರುಗಿನ ಜೊತೆಯಿದೆ. ಛತ್ರದಲ್ಲಿ ಆರತಕ್ಷತೆಯ ಫೋಟೊಗೆ ನಿಲ್ಲುವಾಗ ತೊಟ್ಟು, ಊಟದ ಪಂಕ್ತಿಗೆ ಕೂತೊಡನೆ ಮೇಜಿನ ಕೆಳಗೆ ಕಳಚಿಡುತ್ತೇನೆ. ಈ ಪತ್ರಕ್ಕೆ ನಿಜವಾದ ಕಾರಣ ನನ್ನ ಅಣ್ಣನ ಮಗಳು. ಬಿಕಾಂ ಕೊನೆಯ ವರ್ಷದಲ್ಲಿರುವ ಅವಳ ತರಗತಿಗೆ ಕ್ಯಾಂಪಸ್ ಸಂದರ್ಶನದ ತರಬೇತಿ ಕೊಡಲು ಬಂದವರು ಹುಡುಗರಿಗೆ ಬೂಟಿಗೆ ಪಾಲಿಶ್ ಇರಲಿ ಎಂದರಂತೆ, ಹುಡುಗಿಯರಿಗೆ ಕನಿಷ್ಠ ಎರಡು ಇಂಚು ಎಂದರಂತೆ. "ಅತ್ತೆ, ನಿಮಗೆ ಅಭ್ಯಾಸವಿದೆಯಲ್ಲ, ನಡೆಯುವುದು ಹೇಗೆಂದು ಹೇಳಿಕೊಡಿ" ಎಂದು ಅವಳು ಹೊಸ ಶೂ ಡಬ್ಬಿ ಹಿಡಿದು ಕಳೆದ ಭಾನುವಾರ ಮನೆಗೆ ಬಂದಿದ್ದಳು. ಹಜಾರದಲ್ಲಿ ನಾಲ್ಕು ಸುತ್ತು ನಡೆಸಿ ಕಲಿಸಿಯೂ ಕೊಟ್ಟೆ. ಅವಳಿಗೆ ಕೆಲಸ ಬೇಕಿತ್ತು, ನನಗೆ ಬೇರೆ ದಾರಿ ತೋಚಲಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಪತ್ರದ ಕೆಳಗೆ ನನ್ನ ಹೆಸರು ಹಾಕಬೇಡಿ. ನಾನು ಕೆಲಸ ಬಿಟ್ಟು ಬಹಳ ವರ್ಷಗಳಾದವು, ನನಗೇನೂ ಆಗುವುದಿಲ್ಲ. ಆದರೆ ನಾನು ಕೆಲಸಕ್ಕೆ ಸೇರಿಸಿದ ಇಬ್ಬರು ಹೆಣ್ಣುಮಕ್ಕಳು ಈಗಲೂ ಅದೇ ಬಳೆ ಕೌಂಟರಿನಲ್ಲಿ ನಿಂತಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗಳು
ಹನುಮಂತನಗರ, ಬೆಂಗಳೂರು