ಬೈಬಲ್ ವಚನ ಹೆಕ್ಕುವ ಬದಲು ಪುಸ್ತಕವನ್ನೇ ಬೋಧಿಸಲಿ

ಮಾನ್ಯ ಸಂಪಾದಕರೇ,

ನಮ್ಮ ಅನೇಕ ಕ್ರೈಸ್ತ ಸಭೆಗಳಲ್ಲಿ ಭಾನುವಾರದ ಪ್ರಸಂಗವು ಈ ವಾರ ಬೈಬಲಿನ ಕೀರ್ತನೆಗಳ ಪುಸ್ತಕಕ್ಕೆ, ಮುಂದಿನ ವಾರ ಪ್ರಕಟನೆ ಪುಸ್ತಕಕ್ಕೆ ಜಿಗಿಯುತ್ತದೆ. ಹೀಗಾಗಿ ಬಿಡಿ ವಚನಗಳು ಬಾಯಿಪಾಠವಾಗುತ್ತವೆ, ಪುಸ್ತಕ ಅಪರಿಚಿತವಾಗಿಯೇ ಉಳಿಯುತ್ತದೆ. ಕ್ಯಾಲೆಂಡರ್‌ಗಳಲ್ಲಿ ಅಚ್ಚಾಗುವ, ಒಳ್ಳೆಯ ಭವಿಷ್ಯದ ಮಾತು ಕೊಡುವ ಯೆರೆಮೀಯ 29:11 ಅನ್ನೇ ನೋಡಿ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಸಾಲು. ಹಿಂದಿನ ವಚನದಲ್ಲೇ 70 ವರ್ಷ ಕಳೆದ ಮೇಲಷ್ಟೇ ಬಿಡುಗಡೆ ಎಂಬ ಮಾತಿದೆ. 5ನೇ ವಚನ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಎನ್ನುತ್ತದೆ. ಇವನ್ನು ಬಿಟ್ಟರೆ ಅದು ನೌಕರಿ, ವೀಸಾ ಸಿಗುವ ಭರವಸೆಯಾಗಿಬಿಡುತ್ತದೆ. ಇದು ಕೇಳುಗರಿಗೆ ಮಾಡುವ ಅನ್ಯಾಯ.

ಪುಸ್ತಕವನ್ನು ಸಾಲಾಗಿ ಬೋಧಿಸುವ ಪದ್ಧತಿ ಹಳೆಯದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸುಧಾರಕ ಜ್ವಿಂಗ್ಲಿ 1519ರಲ್ಲಿ ಜೂರಿಕ್‌ನಲ್ಲಿ ಮತ್ತಾಯನ ಸುವಾರ್ತೆಯಿಂದ ಆರಂಭಿಸಿದ್ದು ಹೀಗೆಯೇ.

ಮೊದಲಿಗೇ ಪೌಲನು ರೋಮಾಪುರದವರಿಗೆ ಬರೆದ ದೀರ್ಘ ಪತ್ರಕ್ಕೆ ಕೈಹಾಕಿದರೆ ವರ್ಷಗಟ್ಟಲೆ ಎಳೆದು ಜನ ಸೋಲುತ್ತಾರೆ. ಅವನೇ ಫಿಲಿಪ್ಪಿಯವರಿಗೆ ಬರೆದ ಪತ್ರ ಒಳ್ಳೆಯ ಆಯ್ಕೆ: 4 ಅಧ್ಯಾಯ, 104 ವಚನ, ಹತ್ತು ಹನ್ನೆರಡು ಭಾನುವಾರ. ಮೊದಲ ವಾರ ಇಡೀ ಪತ್ರವನ್ನು ಗಟ್ಟಿಯಾಗಿ ಓದಿಸಬೇಕು. ಕಾಲು ಗಂಟೆ ಸಾಕು. ಅಧ್ಯಾಯದ ಗೆರೆಯಲ್ಲೇ ಪಾಠ ಕತ್ತರಿಸಬಾರದು. ಆ ವಿಂಗಡಣೆ ಬಂದದ್ದು ಮಧ್ಯಯುಗದಲ್ಲಿ. ಈ ಪತ್ರದ 4:1 ನಿಜಕ್ಕೂ 3ನೇ ಅಧ್ಯಾಯದ ಮುಕ್ತಾಯ. ರೂತಳ ಪುಸ್ತಕದಂಥ ಕಥನವನ್ನು ಮಾತ್ರ ದೃಶ್ಯವಾರು ಹಿಡಿಯಬೇಕು, ವಚನವಾರು ಕೊರೆದರೆ ಕಥೆ ಸಾಯುತ್ತದೆ. ಹೊಸಬರಿಗಾಗಿ ಪ್ರತಿ ವಾರ ಎರಡು ನಿಮಿಷದ ಹಿನ್ನೋಟ ಇರಲಿ. ಕಷ್ಟದ ಭಾಗ ಬಂದಾಗ ಬೋಧಕರು ಹಾರಿಸಿ ಹೋಗದಿರಲಿ, ಸಭೆ ಆ ಪುಟವನ್ನು ತೆರೆದಿಟ್ಟುಕೊಂಡೇ ಕೂತಿರುತ್ತದೆ.

– ಓರ್ವ ಬೈಬಲ್ ಬೋಧಕ