ಯಾರು ಬಡವರು ಅಂತ ಗುಮಾಸ್ತರು ಹೇಳಬೇಕಾ? ಆಹಾರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆಹಾರ ಸಚಿವರಿಗೆ ನಮಸ್ಕಾರಗಳು.

ನಮ್ಮ ಬಿಪಿಎಲ್ ರೇಷನ್ ಕಾರ್ಡನ್ನು ಎಪಿಎಲ್ ಮಾಡಿದ್ದಾರೆ. ಮೊದಲಿನಂತೆ ಮಾಡಿಸಿಕೊಡಿ. ಕಚೇರಿಗೆ ಅಲೆದು ಅಲೆದು ಸಾಕಾಗಿ ನಿಮಗೇ ಬರೆಯುತ್ತಿದ್ದೇನೆ.

ಮಗ ಸಾಲ ಮಾಡಿ ಲಗೇಜ್ ಆಟೋ ತೆಗೆದುಕೊಂಡ. ಸಾಲ ಕೊಡುವವರು ಐಟಿ ರಿಟರ್ನ್ ಕೇಳಿದರು, ಹಾಕಿಸಿದ. ಕಟ್ಟಿದ ತೆರಿಗೆ ಸೊನ್ನೆ. ಅಷ್ಟಕ್ಕೇ ನಾವು ತೆರಿಗೆದಾರರ ಪಟ್ಟಿಗೆ ಸೇರಿಬಿಟ್ಟೆವು! ರಿಟರ್ನ್ ಹಾಕೋದು ಬೇರೆ, ತೆರಿಗೆ ಕಟ್ಟೋದು ಬೇರೆ ಅಂತ ನಿಮಗೆ ನಾನು ಹೇಳಬೇಕಾ? ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು ಬೇರೆಯವರ ಕಾರ್ಡ್ ರದ್ದಾಗಲ್ಲ ಅಂತ 2024ರ ನವೆಂಬರ್‌ನಲ್ಲಿ ನಿಮ್ಮ ಸರ್ಕಾರವೇ ಹೇಳಿತ್ತಲ್ವಾ?

ತಾಲ್ಲೂಕು ಕಚೇರಿಯಲ್ಲಿ ನಡೆದಿದ್ದನ್ನು ಕೇಳಿ. ಸಾಹೇಬರನ್ನು ನೋಡೋಕೆ ಹೋಗ್ತೀನಲ್ಲಾ ಅಂತ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋಗಿದ್ದೆ. ಗುಮಾಸ್ತರು ನನ್ನ ಸೆರಗು, ಕಿವಿಯ ಓಲೆ ನೋಡಿದರು. ಓಲೆ ಗಿಲೀಟಿನದು, ಸ್ವಾಮಿ. "ನಿಮ್ಮನ್ನ ನೋಡಿದ್ರೆ ಬಡವರ ಥರ ಕಾಣಲ್ವಲ್ಲಮ್ಮ" ಅಂದರು. ಹಿಂದೆ ನಿಂತಿದ್ದವರು ನಕ್ಕರು. ನಮ್ಮ ಕಡೆ ಯಾರಾದರೂ ಸೊರಗಿದರೆ "ಯಾಕೆ ಇಷ್ಟು ಬಡವಾಗಿದ್ದೀಯ?" ಅಂತೀವಿ. ಬಡವರು ಅಂದರೆ ಮೂಳೆ ಕಾಣಬೇಕು ಅಂತ ಅವರೂ ಅಂದುಕೊಂಡಿರಬೇಕು. ಮುಂದಿನ ಸಲ ಹರಿದ ಸೀರೆ ಉಟ್ಟು ಬರಲಾ? ಅರ್ಜಿ ನಮೂನೆಯಲ್ಲಿ ಅದಕ್ಕೂ ಒಂದು ಕಾಲಂ ಇಡಿಸಿ.

ವೋಟು ಬಂದಾಗ ವೇದಿಕೆ ಮೇಲೆ ನಾವು "ನನ್ನ ಬಡ ಜನ". ಕಚೇರಿಗೆ ಬಂದರೆ "ಅನರ್ಹರು". ಮನೆಯ ಆದಾಯ ವರ್ಷಕ್ಕೆ 1.20 ಲಕ್ಷ ದಾಟಿದರೆ ಬಡವರಲ್ಲವಂತೆ. ಅಂದರೆ ಇಡೀ ಮನೆಗೆ ತಿಂಗಳಿಗೆ 10,000 ರೂಪಾಯಿ. ಬಾಡಿಗೆ, ಗ್ಯಾಸು, ಆಟೋದ ಕಂತು ಎಲ್ಲಾ ಅದರಲ್ಲೇ. ಯಾವ ಕಾಲದ ಲೆಕ್ಕ ಇದು?

ಬರೀ ಅಕ್ಕಿ ವಿಷಯ ಅಲ್ಲ. ನಮ್ಮ ಯಜಮಾನರು ಹೃದಯದ ರೋಗಿ. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇಕಡಾ 30 ಮಾತ್ರ ಸರ್ಕಾರದ್ದು. ಉಳಿದ 70ಕ್ಕೆ ಏನು ಮಾರಲಿ, ಗಿಲೀಟಿನ ಓಲೆಯನ್ನಾ?

ಕಾರ್ಡ್ ವಾಪಸ್ ಬಿಪಿಎಲ್ ಮಾಡಿಸಿ. ರಿಟರ್ನ್ ಹಾಕಿದವರನ್ನೆಲ್ಲ ಸುಮ್ನೆ ಪಟ್ಟಿಯಿಂದ ಕಿತ್ತುಹಾಕಬೇಡಿ ಅಂತ ಹೇಳಿ. ಕೊಡೋಕೆ ಆಗಲ್ಲ ಅನ್ನೋದಾದರೆ ಕಾರಣವನ್ನು ಸಹಿ ಹಾಕಿ, ಸೀಲ್ ಒತ್ತಿ ಬರೆದುಕೊಡಿ. "ಕಂಪ್ಯೂಟರ್‌ನಲ್ಲಿ ಹಾಗೇ ಬರ್ತಿದೆ" ಅನ್ನೋ ಉತ್ತರ ಮಾತ್ರ ಇನ್ನು ಬೇಡ. ಕಾರ್ಡ್ ಬೇಕು.

ಇಂತಿ,
ಕಾರ್ಡ್ ಕಳೆದುಕೊಂಡ ಒಬ್ಬ ಗೃಹಿಣಿ